ಹಬ್ಬದ ದಿನದ ಹಾಜರಿ

ಮನೆಯಲ್ಲಿ ಕೂತೇ ಸಂಬಳ ಬರುವುದಾದರೆ ಯಾರಿಗೆ ತಾನೇ ಬೇಡ? ಆ ವರ್ಷ ಈ ಮಾತನ್ನು ನನಗೆ ಹೇಳದ ನೆಂಟರಿಲ್ಲ. ಹಾಲು ಹಾಕಿಸಿಕೊಳ್ಳಲು ಬಂದವರು ಹೇಳಿದರು, ಹೊರಮಾವಿನ ರೈಲ್ವೆ ಗೇಟಿನ ಹತ್ತಿರ ಸೊಪ್ಪು ಮಾರುವವಳೂ ಹೇಳಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ಜಗಲಿಯ ಮೇಲೆ ಕೂತವಳಿಗೆ ಜಗಳವಾಡುವ ಚೈತನ್ಯ ಎಲ್ಲಿಂದ ಬರಬೇಕು, ಸುಮ್ಮನೆ ಹೂಂ ಅನ್ನುತ್ತಿದ್ದೆ. ಈಗ ಹೇಳುತ್ತೇನೆ. ನನಗೆ ಅದು ಬೇಡವಾಗಿತ್ತು. ನನಗೆ ಬೇಕಾಗಿದ್ದದ್ದು ಕಾರ್ಖಾನೆಯ ನನ್ನ ಪ್ರೆಸ್ಸು. ಕೆಲಸದಲ್ಲಿ ಪೆಟ್ಟು ತಿಂದು, ಮನೆಯಲ್ಲಿ ಕೂತು, ಮತ್ತೆ ಅದೇ ಕೆಲಸವನ್ನು ನೆನೆಸಿಕೊಂಡು ಅಳುವ ಹುಚ್ಚಿ ಪ್ರಪಂಚದಲ್ಲಿ ನಾನೊಬ್ಬಳೇ ಅಂದುಕೊಂಡಿದ್ದೆ. ನನ್ನಂಥವರು ಇನ್ನೂ ಎಲ್ಲಾದರೂ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಕೃಷ್ಣರಾಜಪುರದ ಆಚೆ, ಹಳೇ ಮದ್ರಾಸು ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಕಾರ್ಖಾನೆ. ಕರೆಂಟು ಸ್ವಿಚ್ಚಿನ ಒಳಗೆ ಕೂರುವ ಹಿತ್ತಾಳೆ ತುಂಡುಗಳನ್ನು ಅಲ್ಲಿ ಮಾಡುತ್ತಿದ್ದೆವು. ಹೆಂಗಸರಿಗೆ ಪ್ಯಾಕಿಂಗ್ ಟೇಬಲ್ಲು, ಗಂಡಸರಿಗೆ ತುಂಡು ಹೊಡೆಯುವ ಪ್ರೆಸ್ ಮಿಷನ್ನು. ಯಾರೂ ಬರೆದಿಟ್ಟ ಕಾನೂನಲ್ಲ, ಆದರೂ ಹಾಗೇ ನಡೆದುಕೊಂಡು ಬಂದಿತ್ತು. ನಾನೂ ಪ್ಯಾಕಿಂಗ್‌ನಲ್ಲೇ ಶುರು ಮಾಡಿದವಳು. ಡಬ್ಬಿಗೆ ತುಂಡು ತುಂಬಿಸಿ ತುಂಬಿಸಿ ತಲೆ ಕೆಟ್ಟು ಫೋರ್‌ಮನ್ ಬೆನ್ನು ಹತ್ತಿದೆ. ಪವರ್ ಪ್ರೆಸ್ ಕಲಿಸಿ ಸಾರ್ ಅಂದರೆ ಆ ಮನುಷ್ಯ ನಕ್ಕುಬಿಡುತ್ತಿದ್ದ. ಮದುವೆಯಾಗಿ ಹೊರಮಾವಿಗೆ ಬಂದ ಮೇಲೂ ನಾನು ಬಿಡಲಿಲ್ಲ. ಒಂದು ದಿನ ಇಬ್ಬರು ಗಂಡಸರು ಹೇಳದೆ ಕೇಳದೆ ರಜೆ ಹಾಕಿದರು. ಬೇರೆ ದಾರಿಯಿಲ್ಲದೆ ನನ್ನನ್ನು ಮೂರನೇ ನಂಬರ್ ಪ್ರೆಸ್ಸಿನ ಮುಂದೆ ನಿಲ್ಲಿಸಿದ. ಸಾಯಂಕಾಲ ತುಂಬಿದ ಬುಟ್ಟಿಗಳನ್ನು ಎರಡೆರಡು ಸಲ ಎಣಿಸಿ ಹೋದ. ಮರುದಿನದಿಂದ ಆ ಪ್ರೆಸ್ಸು ನನ್ನದಾಯಿತು.

ಎಡಗೈಯಲ್ಲಿ ಹಿತ್ತಾಳೆ ಪಟ್ಟಿ ಒಳಕ್ಕೆ ತಳ್ಳು, ಕಾಲಲ್ಲಿ ಪೆಡಲ್ ಒತ್ತು, ಬಲಗೈಯಲ್ಲಿ ತುಂಡನ್ನು ಆಚೆ ತೆಗಿ. ಕೆಲಸ ಅಂದರೆ ಇಷ್ಟೇ. ಆದರೆ ಅದು ಮೈಗೆ ಹತ್ತಿದ ಮೇಲೆ ಕೈ ತನ್ನಷ್ಟಕ್ಕೆ ಓಡುತ್ತದೆ, ಮನಸ್ಸು ಎಲ್ಲಿ ಬೇಕಾದರೂ ಹೋಗಿ ಬರಬಹುದು. ಮನೆಯಲ್ಲಿ ಅತ್ತೆಯ ಸೊಸೆ, ಗಂಡನ ಹೆಂಡತಿ, ಹಸುಗಳ ಹುಲ್ಲು, ವಠಾರದ ಬಾಡಿಗೆದಾರರ ನೀರು. ಕಾರ್ಖಾನೆಯಲ್ಲಿ ಮಾತ್ರ ನಾನು ರತ್ನ, ಮೂರನೇ ನಂಬರ್ ಪ್ರೆಸ್ಸಿನವಳು. ನನ್ನನ್ನು ನೋಡಿ ಜೋಗುಪಾಳ್ಯದಿಂದ ಬರುತ್ತಿದ್ದ ತಮಿಳಿನವಳು ಸೆಲ್ವಿಯೂ ಹಟ ಹಿಡಿದು ಪಕ್ಕದ ಪ್ರೆಸ್ಸಿಗೆ ಬಂದಳು. ಇಬ್ಬರೂ ಸೇರಿ ಗಂಡಸರ ಹೊಟ್ಟೆ ಉರಿಸಿದ್ದೇ ಉರಿಸಿದ್ದು.

ಪೆಟ್ಟು ಬಿದ್ದ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆಡಲ್ ಒಂದು ಸಲ ಒತ್ತಿದರೆ ಪ್ರೆಸ್ಸು ಒಂದು ಸಲ ಬೀಳಬೇಕು. ಅವತ್ತು ಎರಡು ಸಲ ಬಿತ್ತು, ಎರಡನೇ ಸಲ ಬಿದ್ದಾಗ ನನ್ನ ಬೆರಳುಗಳು ಅಲ್ಲಿದ್ದವು. ನೋವು ಆಮೇಲೆ ಬಂತು. ಮೊದಲು ಕೇಳಿಸಿದ್ದು ಸೆಲ್ವಿಯ ಕೂಗು. "ಐಯೋ ಕಡವುಳೇ" ಅಂತ ಓಡಿಬಂದವಳು ತನ್ನ ಸೆರಗನ್ನೇ ನನ್ನ ಕೈಗೆ ಬಿಗಿಯಾಗಿ ಸುತ್ತಿದಳು. ಬಿಚ್ಚಿದರೆ ರಕ್ತ ಸುರಿಯುತ್ತದೆಂದು ಆ ಸೆರಗನ್ನು ಬಿಡಿಸಲೇ ಇಲ್ಲ. ಉಟ್ಟ ಸೀರೆಯ ತುದಿಯಲ್ಲಿ ನನ್ನನ್ನು ಕಟ್ಟಿಕೊಂಡೇ ವ್ಯಾನು ಹತ್ತಿದಳು, ಕಟ್ಟಿಕೊಂಡೇ ಇಂದಿರಾನಗರದ ಆಸ್ಪತ್ರೆಯ ಒಳಕ್ಕೆ ಬಂದಳು. ನರ್ಸಮ್ಮ ಕತ್ತರಿ ತಂದು ಸೆರಗನ್ನು ಕತ್ತರಿಸಬೇಕಾಯಿತು. ಅವಳು ಆ ಹರಿದ ಸೀರೆಯಲ್ಲೇ ಸಾಯಂಕಾಲದವರೆಗೆ ಹೊರಗೆ ಬೆಂಚಿನ ಮೇಲೆ ಕೂತಿದ್ದಳಂತೆ.

ತೋರುಬೆರಳು ಬುಡದವರೆಗೆ ಹೋಯಿತು, ನಡುಬೆರಳು ಅರ್ಧ ಹೋಯಿತು. ಉಂಗುರದ ಬೆರಳು ಉಳಿಯಿತು, ಆದರೆ ಮಡಿಸಲು ಬಾರದೆ ಸೆಟೆದುಕೊಂಡಿತು. ಎಚ್ಚರವಾದಾಗ ಡಾಕ್ಟರನ್ನು ನಾನು ಕೇಳಿದ ಮೊದಲನೇ ಪ್ರಶ್ನೆ, "ಯಾವಾಗ ಡ್ಯೂಟಿಗೆ ಹೋಗ್ಬೋದು ಸಾರ್?" ಆತ ನನ್ನ ಮುಖ ನೋಡಿ, "ಮೊದ್ಲು ಊಟ ಮಾಡಮ್ಮ" ಅಂದ. ಆ ಉತ್ತರದಲ್ಲೇ ಅರ್ಥ ಮಾಡಿಕೊಳ್ಳಬೇಕಿತ್ತು. ನಾನು ಮಾಡಿಕೊಳ್ಳಲಿಲ್ಲ.

ಆ ಆಸ್ಪತ್ರೆಯ ಹೊರರೋಗಿಗಳ ಹಜಾರವನ್ನು ಹೇಗೆ ಮರೆಯಲಿ? ಬೆಂಚುಗಳ ತುಂಬ ಕೈ ಮರೆಮಾಚಿಕೊಂಡ ಜನ. ಗಂಡಸರು ಟವೆಲಿನಡಿ, ಹೆಂಗಸರು ಸೆರಗಿನಡಿ. ಮೊದಲು ಊರು ಕೇಳುತ್ತಾರೆ, ಆಮೇಲೆ ಕಾರ್ಖಾನೆ ಕೇಳುತ್ತಾರೆ, ಆಮೇಲೆ ಮೆಲ್ಲಗೆ "ಎಷ್ಟು ಹೋಯ್ತು?" ಅನ್ನುತ್ತಾರೆ. ಆಗ ಒಬ್ಬೊಬ್ಬರೂ ಮರೆಯಿಂದ ಕೈ ಈಚೆ ತೆಗೆದು ತೋರಿಸುತ್ತಾರೆ. ನನಗೆ ಅಲ್ಲಿ ಕೂತರೆ ಸಮಾಧಾನ. ಯಾರೂ ಅಯ್ಯೋ ಪಾಪ ಅನ್ನುತ್ತಿರಲಿಲ್ಲ.

ವಾರ್ಡಿನಲ್ಲಿ ಹಲಸೂರಿನ ಕಡೆಯ ಒಬ್ಬ ಆಯಾ ಇದ್ದಳು, ಬಾಯಿ ತೆಗೆದರೆ ಬೈಗುಳ. ಒಂದೇ ಕೈಯಲ್ಲಿ ಜಡೆ ಹಾಕಿಕೊಳ್ಳಲಾಗುವುದಿಲ್ಲ ಎಂಬುದು ನನಗೆ ತಿಳಿದದ್ದು ಅಲ್ಲಿ. ತಲೆ ಕೂದಲು ಗಂಟುಕಟ್ಟಿ ಕೂತಿದ್ದೆ. ಅವಳು ನೆಲ ಒರೆಸುತ್ತ ಬಂದವಳು ಕೋಲು ಗೋಡೆಗಿಟ್ಟು, "ಏನಮ್ಮಾ ಇದು, ಪೇಯಿ ತರ, ದೆವ್ವದ ತರ ಕೂತಿದ್ದೀಯ, ತಿರುಗು ಆಕಡೆ" ಎಂದು ಗದರಿ, ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಬಿಟ್ಟಳು, ಸ್ಕೂಲು ಹುಡುಗಿಗೆ ಹಾಕಿದ ಹಾಗೆ. ಅವಳು ಹೋದ ಮೇಲೆ ನಾನು ದಿಂಬಿಗೆ ಮುಖ ಒತ್ತಿಕೊಂಡು ಅತ್ತೆ. ಬೆರಳು ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಮನೆಗೆ ಬಂದೆ. ನಮ್ಮಲ್ಲಿ ಎಡಗೈಯಲ್ಲಿ ಉಣ್ಣುವುದೆಂದರೆ ಮಹಾಪರಾಧ. ಚಮಚೆ ಕೊಟ್ಟರೆ ಮುದ್ದೆ ತಿನ್ನುವುದು ಹೇಗೆ? ಅತ್ತೆ ತಾವೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನನ್ನ ಬಾಯಿಗಿಟ್ಟರು. ಮದುವೆಯಾದಾಗಿನಿಂದ ಕೆಲಸಕ್ಕೆ ಹೋಗಬೇಡ ಅಂತ ನನ್ನ ಹತ್ತಿರ ವಾದ ಮಾಡುತ್ತಲೇ ಬಂದ ಹೆಂಗಸು ಅದು. ನಮ್ಮ ಯಜಮಾನರು ಮುನಿರಾಜು ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡಿನಲ್ಲೇ ನನ್ನನ್ನು ಡ್ರೆಸ್ಸಿಂಗ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಹಳ್ಳ ಬಂದಾಗ ಮಾತ್ರ "ಕೈ ಹುಷಾರು" ಅನ್ನುವರು.

ಅಷ್ಟರಲ್ಲಿ ವಿಮೆಯ ದುಡ್ಡು ಬರಲು ಶುರುವಾಯಿತು. ಕಾರ್ಖಾನೆಯಲ್ಲಿ ಸಂಬಳದಿಂದ ತಿಂಗಳು ತಿಂಗಳು ಹಿಡಿಯುತ್ತಿದ್ದದ್ದು ಇದಕ್ಕೇ ಅಂತ ಆಗ ಗೊತ್ತಾಯಿತು. ಡಿಸ್ಪೆನ್ಸರಿಯ ಡಾಕ್ಟರು ಇನ್ನೂ ಕೆಲಸ ಮಾಡಲಾಗುವುದಿಲ್ಲ ಎಂದು ಬರೆದುಕೊಡಬೇಕು, ಅದನ್ನು ವಿಮೆ ಆಫೀಸಿಗೆ ಕೊಡಬೇಕು, ಸಂಬಳದ ದೊಡ್ಡ ಪಾಲು ಕೈಗೆ ಬರುತ್ತದೆ. ಒಂದೇ ಷರತ್ತು, ಆ ದಿನಗಳಲ್ಲಿ ಎಲ್ಲೂ ಕೆಲಸ ಮಾಡುವ ಹಾಗಿಲ್ಲ. ಭಾನುವಾರಕ್ಕೂ ದುಡ್ಡು ಕೊಡುತ್ತಾರೆ ಅಂತ ತಿಳಿದಾಗ ಅತ್ತೆ ಬೆರಗಾದರು.

"ಭಾನುವಾರ ಫ್ಯಾಕ್ಟ್ರಿ ಇರ್ತಿತ್ತಾ?"

"ಇಲ್ಲ ಅತ್ತೆ."

"ಮತ್ತೆ? ಹೋಗ್ತಿದ್ದಾಗ ಕೊಡದೇ ಇದ್ದಿದ್ದು ಕೂತಾಗ ಕೊಡ್ತಾವ್ರೆ. ಸುಮ್ನೆ ಕೂತ್ಕೊಳವ್ವ, ದೇವ್ರು ಕಣ್ಣು ಬಿಟ್ಟವ್ನೆ."

ದೇವರು ಕಣ್ಣು ಬಿಟ್ಟನೋ ಮುಚ್ಚಿದನೋ, ನನಗೆ ಬೆಳಗಾದರೆ ಜೀವ ಚಡಪಡಿಸುತ್ತಿತ್ತು. ಬಸ್ಸಿನ ಹೊತ್ತಿಗೆ ಸರಿಯಾಗಿ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಡ್ಯೂಟಿಗೆ ಹೋಗುವ ಹೆಂಗಸರು ಟಿಫನ್ ಬ್ಯಾಗು ಹಿಡಿದು ರೈಲ್ವೆ ಗೇಟಿನ ಕಡೆ ಓಡುವುದನ್ನು ಕಣ್ಣಿಗೆ ಮರೆಯಾಗುವವರೆಗೆ ನೋಡುತ್ತಿದ್ದೆ. ಏನೇನು ನೆನಪಾಗುತ್ತಿತ್ತು! ಮೈಗೆಲ್ಲ ಅಂಟಿಕೊಂಡಿರುತ್ತಿದ್ದ ಮಿಷನ್ ಎಣ್ಣೆಯ ವಾಸನೆ. ಊಟದ ಹೊತ್ತಿನಲ್ಲಿ ಐದಾರು ಡಬ್ಬಿ ನಡುವೆ ಇಟ್ಟು ಎಲ್ಲರೂ ಎಲ್ಲರದ್ದನ್ನೂ ತಿನ್ನುವುದು, ಸೆಲ್ವಿ ತರುತ್ತಿದ್ದ ಹುಳಿಸಾರು ವತ್ತಕುಳಂಬಿಗೆ ಕಿತ್ತಾಡುವುದು. ಅತ್ತೆಯಂದಿರನ್ನು ಆಡಿಕೊಂಡು ನಗುವುದು. ಇದ್ದಾಗ ಅದನ್ನೆಲ್ಲ ಸುಖ ಅಂತ ಯಾರು ಅಂದುಕೊಂಡಿದ್ದರು? ರಜೆ ಸಿಕ್ಕರೆ ಸಾಕು ಅನ್ನುತ್ತಿದ್ದವಳು ನಾನೇ. ಕೂತಲ್ಲೇ ನನ್ನ ಬಲಗಾಲು ಪೆಡಲ್ ಒತ್ತುತ್ತಿತ್ತು. ಅತ್ತೆ ನೋಡಿ, ಕಾಲು ಅಲ್ಲಾಡಿಸಬೇಡ ದರಿದ್ರ, ಅನ್ನುತ್ತಿದ್ದರು.

ಕೈ ವಾಸಿಯಾದರೆ ಮತ್ತೆ ಪ್ರೆಸ್ಸಿಗೇ ಹೋಗುತ್ತೇನೆ. ಅದೊಂದು ಆಸೆ ಹಿಡಿದುಕೊಂಡೇ ನಾನು ಆ ತಿಂಗಳುಗಳನ್ನು ನೂಕಿದೆ. ಅಕ್ಕಿಕಾಳನ್ನು ಹೆಬ್ಬೆರಳು ಕಿರುಬೆರಳಲ್ಲಿ ಹೆಕ್ಕಿ ಅಭ್ಯಾಸ ಮಾಡಿದೆ. ಡಾಕ್ಟರು ಹೇಳಿದ್ದಕ್ಕಿಂತ ಜಾಸ್ತಿಯೇ ಮಾಡಿದೆ.

ಆಯುಧಪೂಜೆ ಬಂತು. ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿ. ಯಾರ ಮಿಷನ್ನೋ ಅವರೇ ಹಿಂದಿನ ದಿನ ತೊಳೆದು ಒರೆಸಬೇಕು, ಹಬ್ಬದ ದಿನ ಅವರೇ ಅದಕ್ಕೆ ವಿಭೂತಿ ಕುಂಕುಮ ಇಟ್ಟು ಹೂವು ಹಾಕಬೇಕು. ಬೇರೆಯವರು ಮುಟ್ಟುವ ಹಾಗಿಲ್ಲ. ಹಿಂದಿನ ಸಾಯಂಕಾಲ ಸೆಲ್ವಿ ಮನೆಗೆ ಬಂದಳು.

"ರತ್ನಾ, ನಿನ್ ಮಿಷನ್ ನಾನೇ ತೊಳ್ದಿದ್ದೀನಿ. ಆದ್ರೆ ಕುಂಕುಮ ನಾನ್ ಇಡಲ್ಲ ಡೀ. ನೀನ್ ಬರ್ಬೇಕು."

ಅತ್ತೆ ಕಿಡಿಕಿಡಿಯಾದರು. "ಬೆರಳು ತಿಂದಿದ್ದಕ್ಕೆ ಇವಳು ಹೋಗಿ ಪೂಜೆ ಮಾಡ್ತಾಳಂತೆ! ತಲೆ ನೆಟ್ಟಗಿದೆಯೇನವ್ವ ನಿಮಗೆ?"

ನಾನು ಹೋದೆ. ರೇಷ್ಮೆ ಸೀರೆ ಉಟ್ಟುಕೊಂಡೇ ಹೋದೆ.

ಗೇಟಿನಲ್ಲಿ ಟೈಂ ಆಫೀಸಿನ ಅನ್ವರ್ ಭಾಯಿ. ಶಿವಾಜಿನಗರದವರು, ಬಿಳೀ ಗಡ್ಡ, ನಾವು ಒಂದು ನಿಮಿಷ ತಡವಾಗಿ ಬಂದರೂ ಮುಖ ಗಂಟು ಹಾಕುವ ಮನುಷ್ಯ. ನನ್ನನ್ನು ಕಂಡದ್ದೇ ಎದ್ದು ನಿಂತರು. "ಅರೆ, ಆವೋ ಆವೋ ರತ್ನಮ್ಮ! ಎಷ್ಟು ದಿನ ಆಯ್ತಮ್ಮ ನಿಮ್ಮ ಮುಖ ನೋಡಿ." ಎಂದವರೇ ಹಿಂದೆ ತಿರುಗಿ, ಗೋಡೆಯ ಗೂಡಿನಿಂದ ನನ್ನ ಪಂಚಿಂಗ್ ಕಾರ್ಡು ಎಳೆದು, ಗಡಿಯಾರದ ಬಾಯಿಗೆ ಹಾಕಿ ಒತ್ತಿಯೇಬಿಟ್ಟರು. ಠಕ್! "ಹಬ್ಬದ ದಿನ ನಿಮ್ದು ಕಾರ್ಡು ಖಾಲಿ ಇರ್ಬಾರ್ದಮ್ಮ. ಕಾರ್ಡು ಪಂಚ್ ಆದೋರಿಗೇ ಸ್ವೀಟು. ನಿಮಗ್ ಇಲ್ಲ ಅಂದ್ರೆ ಹೆಂಗೆ?"

ವಿಮೆ ತೆಗೆದುಕೊಳ್ಳುವವಳ ಕಾರ್ಡು ಪಂಚ್ ಆಗಬಾರದು ಅಂತ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನನಗಂತೂ ಆನಂದದಲ್ಲಿ ಮೈಮೇಲೆ ಎಚ್ಚರವಿರಲಿಲ್ಲ.

ಮೂರನೇ ನಂಬರ್ ಪ್ರೆಸ್ಸಿನ ಮುಂದೆ ನಿಂತೆ. ಸೆಲ್ವಿ ಫಳಫಳ ಹೊಳೆಯುವ ಹಾಗೆ ಒರೆಸಿದ್ದಳು. ಕೋಪ ಬರಬಹುದು, ಹೆದರಿಕೆ ಆಗಬಹುದು ಅಂದುಕೊಂಡಿದ್ದೆ. ಅದೇನೂ ಆಗಲಿಲ್ಲ. ತವರುಮನೆಯ ಬಾಗಿಲಲ್ಲಿ ನಿಂತ ಹಾಗಾಯಿತು. ಎಡಗೈಯಲ್ಲಿ ಕುಂಕುಮ ಇಡಬಾರದಲ್ಲ, ಬಲಗೈ ಬ್ಯಾಂಡೇಜಿನಿಂದ ಹೊರಗಿದ್ದ ಕಿರುಬೆರಳನ್ನು ಕುಂಕುಮದಲ್ಲಿ ಅದ್ದಿ ಇಟ್ಟೆ. ಸೊಟ್ಟಗಾಯಿತು. ಬೂದುಗುಂಬಳಕಾಯಿ ಒಡೆದರು, ಪುರಿ ಹಂಚಿದರು. ಸ್ವೀಟ್ ಬಾಕ್ಸು ಹಿಡಿದು ಮನೆಗೆ ಬಂದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮುಂದಿನ ಸಲ ವಿಮೆ ದುಡ್ಡು ಬರಲಿಲ್ಲ. ಅದರ ಮುಂದಿನ ಸಲವೂ ಬರಲಿಲ್ಲ. ನಮ್ಮ ಯಜಮಾನರು ನನ್ನನ್ನು ವಿಮೆ ಆಫೀಸಿಗೆ ಕರೆದುಕೊಂಡು ಹೋದರು. ಅಲ್ಲಿನ ಅಧಿಕಾರಿ ಹೆಂಗಸು, ಕಟ್ಟುನಿಟ್ಟಿನ ಮುಖ, ಕನ್ನಡಕ ಮೂಗಿನ ತುದಿಯಲ್ಲಿ. "ಕೆಲಸ ಮಾಡೋಕಾಗಲ್ಲ ಅಂತ ನಮ್ಮ ಹತ್ರ ದುಡ್ಡು ತಗೋತೀರ. ಫ್ಯಾಕ್ಟರಿಯವರು ಆಯುಧಪೂಜೆ ದಿನ ನೀವು ಡ್ಯೂಟಿಗೆ ಬಂದಿದ್ರಿ ಅಂತಾರೆ. ಯಾವುದಮ್ಮ ನಿಜ?"

ನಡೆದದ್ದನ್ನೆಲ್ಲ ಬಡಬಡ ಹೇಳಿದೆ. ಸೆಲ್ವಿ ಮಿಷನ್ ತೊಳೆದದ್ದು, ಅನ್ವರ್ ಭಾಯಿ ಪಂಚ್ ಮಾಡಿದ್ದು, ಪುರಿ, ಸ್ವೀಟು, ಎಲ್ಲ. ಆಕೆ ಪೆನ್ನು ಕೆಳಗಿಟ್ಟರು.

"ಅವತ್ತು ಮಿಷನ್ ಓಡ್ತಾ?"

"ಅಯ್ಯೋ ಇಲ್ಲ ಮೇಡಂ! ಕುಂಕುಮ ಇಟ್ಟ ಮೇಲೆ ಓಡಿಸೋ ಹಾಗೇ ಇಲ್ಲ. ಮಾರನೇ ದಿನಾನೇ."

"ಅಷ್ಟು ಗೊತ್ತು. ನಮ್ಮಪ್ಪನೂ ಫ್ಯಾಕ್ಟರೀಲಿದ್ದೋರೇ." ಅಂದಾಗ ಆ ಮುಖದಲ್ಲಿ ಮೊದಲ ಸಲ ನಗುವಿನ ಎಳೆ ಕಂಡಿತು. "ನೋಡಿ, ಎರಡು ದಾರಿ ಇದೆ. ಆ ಪಂಚ್ ತಪ್ಪು ಅಂತ ಫ್ಯಾಕ್ಟರಿಯಿಂದ ಬರೆಸ್ಕೊಂಡು ಬನ್ನಿ, ಆ ದಿನದ ದುಡ್ಡೂ ನಿಮಗೆ ಬರುತ್ತೆ. ಪಂಚ್ ಮಾಡಿದೋರು ಮಾತ್ರ ಅಲ್ಲಿ ಉತ್ತರ ಹೇಳ್ಬೇಕಾಗುತ್ತೆ. ಇಲ್ಲಾ, ಅವತ್ತು ಹಾಜರಿದ್ದೆ, ಪೂಜೆ ಬಿಟ್ಟು ಬೇರೆ ಕೆಲಸ ಮಾಡ್ಲಿಲ್ಲ ಅಂತ ನೀವು ಬರ್ಕೊಡಿ, ಮಿಷನ್ ಓಡ್ಲಿಲ್ಲ ಅಂತ ಫ್ಯಾಕ್ಟರಿಯವರು ಹೇಳ್ಲಿ. ಅದೊಂದು ದಿನದ್ದು ನಮ್ಮಿಂದ ಬರಲ್ಲ, ಅವರು ಸಂಬಳ ಕೊಡ್ತಾರೆ. ಮಾರನೇ ದಿನದಿಂದ ಡಾಕ್ಟರ್ ಹತ್ರ ಮತ್ತೆ ಬರೆಸ್ಬೇಕು. ಓಡಾಟ ಜಾಸ್ತಿ."

ನಮ್ಮ ಯಜಮಾನರು ಬಾಯಿ ತೆಗೆಯುವ ಮೊದಲೇ ನಾನು ಹೇಳಿಬಿಟ್ಟೆ. "ಹಾಜರಿ ಹಾಗೇ ಇರ್ಲಿ ಮೇಡಂ."

ಅನ್ವರ್ ಭಾಯಿಯನ್ನು ಉಳಿಸಲಿಕ್ಕೆ ಅಂತ ಎಲ್ಲರೂ ತಿಳಿದರು. ಹೌದು, ಅದೂ ಇತ್ತು, ಆ ಮನುಷ್ಯ ರಿಟೈರ್ ಆಗುವುದಕ್ಕೆ ಬಂದಿದ್ದ. ಆದರೆ ನಿಜ ಹೇಳಬೇಕೆಂದರೆ, ಆ ಒಂದು ಹಾಜರಿಯನ್ನು ಹೊಡೆದುಹಾಕಿಸಲು ನನಗೆ ಮನಸ್ಸು ಬರಲಿಲ್ಲ. ಅಷ್ಟು ತಿಂಗಳಲ್ಲಿ ಒಂದು ದಿನವಾದರೂ ನಾನು ಕೆಲಸಕ್ಕೆ ಹೋಗಿದ್ದೆ ಅಂತ ಎಲ್ಲೋ ಒಂದು ಕಡೆ ಇರಲಿ ಅನ್ನಿಸಿತು. ಹೊರಗೆ ಬಂದ ಮೇಲೆ ಯಜಮಾನರು ಮೊಪೆಡ್ಡು ಒದ್ದು ಒದ್ದು, ಅದು ಸ್ಟಾರ್ಟ್ ಆಗದೆ, ನನ್ನ ಕಡೆ ತಿರುಗಿದರು. "ಅಷ್ಟು ಇಷ್ಟಾನಾ ನಿಂಗೆ ಅದು?" ಹೂಂ ಅಂದೆ. "ಮದ್ವೆಯಾದಾಗಿಂದ ಒಂದಿನಾನೂ ಹೇಳ್ಲಿಲ್ವಲ್ಲೇ" ಅಂದರು. ಅವರು ಒಂದು ದಿನವೂ ಕೇಳಿರಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಡಾಕ್ಟರು ಇನ್ನು ಕೆಲಸಕ್ಕೆ ಹೋಗಬಹುದು ಎಂದು ಬರೆದರು. ಕೆಲಸಕ್ಕೆ ಸೇರುವ ಮೊದಲು ಮೆಡಿಕಲ್ ಬೋರ್ಡು. ಕೈ ಎಷ್ಟರಮಟ್ಟಿಗೆ ಹೋಗಿದೆ ಅಂತ ಮೂವರು ಡಾಕ್ಟರು ಕೂತು ನೋಡಿ, ಅದರ ಪ್ರಕಾರ ಸಾಯುವವರೆಗೆ ಸಣ್ಣದೊಂದು ಮೊತ್ತ ಗೊತ್ತುಮಾಡುತ್ತಾರೆ. ಹೋಗುವ ಮೊದಲು ಸೆಲ್ವಿ ಪಾಠ ಹೇಳಿಕೊಟ್ಟಿದ್ದಳು. "ಏನ್ ಕೇಳಿದ್ರೂ ಆಗಲ್ಲ ಅನ್ನು. ತಟ್ಟೆ ಎತ್ತೋಕಾಗಲ್ಲ, ತಲೆ ಬಾಚೋಕಾಗಲ್ಲ. ನಿನ್ ಪೌರುಷ ಎಲ್ಲ ಅಲ್ಲಿ ತೋರಿಸ್ಬೇಡ." ಯಜಮಾನರಿಗೆ ಹಾಲಿನ ಕೆಲಸವಿತ್ತು, ಜೊತೆಗೆ ಅತ್ತೆ ಬಂದರು. ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಕಾದು ಕಾದು ಅತ್ತೆಗೆ ತೂಕಡಿಕೆ ಬಂದಿತ್ತು.

ಒಳಗೆ ನನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಡುವೆ ಕೂತಿದ್ದ ಡಾಕ್ಟರು ವಯಸ್ಸಾದವರು. "ಈ ಕೈಯಲ್ಲಿ ಏನೇನು ಮಾಡೋಕಾಗಲ್ಲ, ಹೇಳಮ್ಮ" ಅಂದರು.

ಪಾಠ ಎಲ್ಲ ಬಾಯಲ್ಲೇ ಇತ್ತು. ತಟ್ಟೆ, ಬಾಚಣಿಗೆ, ಕೊಡ. ಬಾಯಿ ತೆಗೆದೆ. "ಪ್ರೆಸ್ ಹೊಡಿಯೋಕೆ ಆಗಲ್ಲ ಸಾರ್" ಅಂದೆ.

ಆ ಮಾತನ್ನು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ. ನಾನೂ ಹೇಳಿಕೊಂಡಿರಲಿಲ್ಲ. ನನ್ನ ಬಾಯಿಂದಲೇ ಬಂದದ್ದನ್ನು ಕೇಳಿ ನಾನೇ ಬಿಕ್ಕಿಬಿಕ್ಕಿ ಅಳತೊಡಗಿದೆ. ಡಾಕ್ಟರು ನೀರಿನ ಲೋಟ ನನ್ನ ಕಡೆ ಸರಿಸಿದರು.

ಹೊರಗೆ ಬಂದಾಗ ಅತ್ತೆ ಗಾಬರಿಯಿಂದ ಎದ್ದರು. ಮೆಟ್ಟಿಲ ಮೇಲೆ ಕೂರಿಸಿಕೊಂಡು ಸೆರಗಿನಿಂದ ಮುಖ ಒರೆಸಿದರು. ಇನ್ನೇನು, ನಿನಗೆ ಯಾಕವ್ವ ಫ್ಯಾಕ್ಟರಿ, ಹಸು ಇದ್ದಾವೆ ಮನೆ ಇದೆ ಅನ್ನುತ್ತಾರೆ, ಅನ್ನಲಿ ಅಂತ ತಲೆ ತಗ್ಗಿಸಿ ಕೂತಿದ್ದೆ.

"ಆ ಮಿಷನ್ ಹೋದ್ರೆ ಹಾಳಾಗ್ ಹೋಗ್ಲಿ" ಅಂದರು ಅತ್ತೆ. "ನೀನು ಕೆಲ್ಸಕ್ಕೆ ಹೋಗು. ಡಬ್ಬಿ ತುಂಬ್ಸೋದೋ ಕಸ ಗುಡಿಸೋದೋ, ಯಾವ್ದಾದ್ರೂ ಮಾಡು. ಒಂದು ವರ್ಷದಿಂದ ಬಾಗ್ಲಲ್ಲಿ ನಿಂತು ಬಸ್ ನೋಡ್ತಿದ್ದೀಯ. ನಂಗೆ ನೋಡಕ್ಕಾಗಲ್ಲ ಕಣವ್ವ."

ಹೋದೆ. ಪ್ಯಾಕಿಂಗ್ ಟೇಬಲ್ಲಿಗೇ ಹಾಕಿದರು, ಎಲ್ಲಿಂದ ಶುರು ಮಾಡಿದ್ದೆನೋ ಅಲ್ಲಿಗೇ. ಪ್ಯಾಕಿಂಗ್‌ಗೂ ಪ್ರೆಸ್ಸುಗಳಿಗೂ ನಡುವೆ ಒಂದು ತಗಡಿನ ಗೋಡೆ. ಮೊದಲನೇ ದಿನ ಸೈರನ್ ಆಗಿ ಆಚೆ ಕಡೆ ಪ್ರೆಸ್ಸುಗಳು ಶುರುವಾದವು, ಒಂದು, ಆಮೇಲೆ ಇನ್ನೊಂದು. ಮೂರನೆಯದರ ಮುಂದೆ ಯಾರೋ ಹೊಸ ಹುಡುಗಿ ಇದ್ದಾಳೆ ಅಂತ ಸೆಲ್ವಿ ಮೊದಲೇ ಹೇಳಿದ್ದಳು. ನಾನು ಡಬ್ಬಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಸೂಪರ್‌ವೈಸರ್ ಒಳ್ಳೆಯ ಮನುಷ್ಯ, ಹತ್ತಿರ ಬಂದು ಮೆಲ್ಲಗೆ ಹೇಳಿದರು. "ರತ್ನಮ್ಮ, ಬಾಗಿಲ ಕಡೆ ದೂರದ ಟೇಬಲ್ ಖಾಲಿ ಇದೆ, ಅಲ್ಲಿಗೆ ಹೋಗಿ. ದಿನಾ ಈ ಶಬ್ದ ಯಾಕೆ ಕೇಳ್ತೀರ."

"ಇಲ್ಲೇ ಇರ್ತೀನಿ ಸಾರ್" ಅಂದೆ. "ಇಷ್ಟು ದಿನ ಕೇಳದೇ ಇದ್ದಿದ್ದೇ ಸಾಕು."